ನೀರು ಕಾಯಿಸಿದವರು ಯಾರು?

ಯೆಹೂದ್ಯರು ಸಬ್ಬತ್ ದಿನ ಬಿಸಿನೀರು ಮೀಯುವುದಿಲ್ಲ, ಆ ಕಟ್ಟಳೆಯ ಹಿಂದೆ ಯೋಚನೆ ಮಾಡಬೇಕಾದ ಮಾತೊಂದಿದೆ ಎಂದು ನಾನು ಬರೆದದ್ದಕ್ಕೆ ಎರಡು ಕಡೆಯಿಂದಲೂ ಏಟು ಬಿದ್ದಿದೆ. ತುಂಗೆಯ ದಡದಲ್ಲಿ ಕೂತು ಪರದೇಶದವರ ಮಡಿಯನ್ನು ಹೊಗಳಿದ್ದು ಶೃಂಗೇರಿ ಕಡೆಯ ಹಿರಿಯರಿಗೆ ಸರಿಕಂಡಿಲ್ಲ. ಕೊಪ್ಪದ ವಿಚಾರವಾದಿ ಗೆಳೆಯರಿಗೆ, ಯಾರದೇ ಆಗಲಿ, ಮಡಿಯನ್ನು ಹೊಗಳಿದ್ದೇ ಸರಿಕಂಡಿಲ್ಲ. ನರಸಿಂಹರಾಜಪುರದಿಂದ ಬಂದ ಒಂದು ಕಾಗದ ಮಾತ್ರ ಬೈಯದೆ ಒಂದು ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಉತ್ತರ ಕೊಡುತ್ತೇನೆ. ಕೆಲವಕ್ಕೆ ಉದ್ದ, ಕೆಲವಕ್ಕೆ ಗಿಡ್ಡ.

ಮೊದಲ ಬರಹ ಓದದವರಿಗೆ ವಿಷಯ ಇಷ್ಟು. ಸಬ್ಬತ್ ಶುಕ್ರವಾರ ಹೊತ್ತು ಮುಳುಗುವಾಗ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಇರುತ್ತದೆ. ಆ ದಿನ ಮಾಡಬಾರದ ಕೆಲಸಗಳನ್ನು ಮಿಶ್ನಾ ಎಂಬ ಹಳೆಯ ಗ್ರಂಥ 39 ಬಗೆಯಾಗಿ ಎಣಿಸುತ್ತದೆ. ಬೆಂಕಿ ಹೊತ್ತಿಸುವುದು, ಆರಿಸುವುದು, ಬೇಯಿಸುವುದು ಅದರಲ್ಲಿವೆ. ನೀರು ಕಾಯಿಸುವುದು ಬೇಯಿಸುವುದರ ಲೆಕ್ಕ. ಸ್ನಾನ ಆ ಪಟ್ಟಿಯಲ್ಲಿಲ್ಲ. ಆದರೂ ಶುಕ್ರವಾರವೇ ಕಾಯಿಸಿಟ್ಟ ನೀರಾದರೂ ಶನಿವಾರ ಮೈಗೆಲ್ಲ ಹೊಯ್ದುಕೊಳ್ಳುವಂತಿಲ್ಲ. ಮುಖ, ಕೈ, ಕಾಲು ತೊಳೆಯಬಹುದು. ತಣ್ಣೀರಿಗೆ ಮೂಲ ಕಟ್ಟಳೆಯಲ್ಲಿ ತಡೆಯಿಲ್ಲ.

ಇಲ್ಲಿಂದಲೇ ಕೊಪ್ಪದವರ ಮೊದಲ ಆಕ್ಷೇಪ ಹುಟ್ಟುತ್ತದೆ. ನೀರು ನಿನ್ನೆಯೇ ಕಾದಿದೆ, ಬೆಂಕಿ ನಿನ್ನೆಯೇ ಆರಿದೆ, ಇವತ್ತು ಚೊಂಬಿನಲ್ಲಿ ತೋಡಿ ಹಾಕಿಕೊಂಡರೆ ಯಾವ ಕೆಲಸ ಮಾಡಿದ ಹಾಗಾಯಿತು? ಇದು ತರ್ಕವೇ ಇಲ್ಲದ ನಿಷೇಧ ಎನ್ನುತ್ತಾರೆ. ತರ್ಕ ಹುಡುಕಬೇಕಾದ್ದು ನೀರಿನಲ್ಲಿ ಅಲ್ಲ, ಸ್ನಾನಗೃಹದ ಒಲೆಯ ಮುಂದೆ ಕೂತವನಲ್ಲಿ. ಮಿಶ್ನಾದ ಮೇಲೆ ಬೆಳೆದ ಚರ್ಚೆಯ ಗ್ರಂಥವಾದ ತಾಲ್ಮುದಿನ ಶಬ್ಬಾತ್ ಭಾಗದಲ್ಲಿ ಈ ನಿಷೇಧದ ಕಥೆಯಿದೆ. ಮೊದಲು ಜನ ಶುಕ್ರವಾರ ಕಾಯಿಸಿದ ನೀರಿನಲ್ಲಿ ಸಬ್ಬತ್ ದಿನ ಮೀಯುತ್ತಿದ್ದರು, ಯಾರೂ ಬೇಡ ಎನ್ನಲಿಲ್ಲ. ಆಮೇಲೆ ಸ್ನಾನಗೃಹದವರು ಸಬ್ಬತ್ ದಿನವೇ ಬೆಂಕಿ ಹಾಕಿ, ನಿನ್ನೆಯೇ ಕಾಯಿಸಿದ್ದು ಎನ್ನತೊಡಗಿದರು. ಪಂಡಿತರು ಬಿಸಿನೀರು ನಿಲ್ಲಿಸಿದರು, ಬಿಸಿಕೋಣೆಯಲ್ಲಿ ಕೂತು ಬೆವರುವುದನ್ನು ಬಿಟ್ಟರು. ಜನ ಒಳಗೆ ಹೋಗಿ ಬಿಸಿನೀರು ಮಿಂದು ಹೊರಗೆ ಬಂದು, ಬೆವರುತ್ತಿದ್ದೆವು ಎಂದರು. ಬೆವರುವುದೂ ನಿಂತಿತು, ತಿಬೇರಿಯ ಎಂಬ ಊರಿನ ಬಿಸಿನೀರಿನ ಬುಗ್ಗೆ ಮಾತ್ರ ಉಳಿಯಿತು. ಜನ ಬೆಂಕಿಯಲ್ಲಿ ಕಾಯಿಸಿದ ನೀರನ್ನೇ ಮಿಂದು, ಬುಗ್ಗೆಯಲ್ಲಿ ಮಿಂದೆವು ಎಂದರು. ಬುಗ್ಗೆಯನ್ನೂ ನಿಷೇಧಿಸಿದರು, ತಣ್ಣೀರು ಉಳಿಯಿತು. ಆಗ ಪಂಡಿತರಿಗೇ ಗೊತ್ತಾಯಿತು, ಇದು ಜನರ ಕೈಲಿ ಆಗುವ ಮಾತಲ್ಲ ಎಂದು. ಬುಗ್ಗೆಗೆ ಮತ್ತೆ ಅನುಮತಿ ಕೊಟ್ಟರು. ಬೆವರುವ ಕೋಣೆಯ ಮೇಲಿನ ನಿಷೇಧ ಹಾಗೇ ಉಳಿಯಿತು.

ಇದರಲ್ಲಿ ತರ್ಕವಿಲ್ಲ ಎನ್ನುವವರು ಶೃಂಗೇರಿಯ ಮಠದ ಘಟ್ಟಕ್ಕೆ ಹೋಗಿ ನಿಲ್ಲಲಿ. ಅಲ್ಲಿ ಮೀನು ಹಿಡಿಯುವಂತಿಲ್ಲ. ಬುಟ್ಟಿ ತುಂಬ ಮೀನು ಹಿಡಿದುಕೊಂಡು ಘಟ್ಟದ ಮೆಟ್ಟಿಲ ಮೇಲೆ ನಿಂತವನು, ಇದು ಕೆಳಗಿನ ಹೊಳೆಯದು ಸ್ವಾಮಿ ಎಂದರೆ ನಂಬುವವರು ಯಾರು? ಹೊಳೆಯ ನೀರಿಗೆ ಗೆರೆ ಎಳೆಯಲಾಗದ್ದರಿಂದ ಬುಟ್ಟಿಯನ್ನೇ ಅಲ್ಲಿಗೆ ತರಬೇಡ ಎನ್ನಬೇಕಾಗುತ್ತದೆ. ತಾಲ್ಮುದಿನವರು ಮಾಡಿದ್ದೂ ಅಷ್ಟೇ. ಅದಕ್ಕಿಂತ ನನಗೆ ಹಿಡಿಸಿದ್ದು ಕಥೆಯ ಕೊನೆ. ತಾವೇ ಬಿಗಿ ಮಾಡಿದ ಹಗ್ಗವನ್ನು, ಜನರಿಗೆ ತಡೆಯಲಾಗದು ಎಂದು ಕಂಡಾಗ ಸಡಿಲಿಸಿದ ಪಂಡಿತರು, ಹಾಗೆ ಸಡಿಲಿಸಿದ್ದನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ.

ಈಗ ಶೃಂಗೇರಿ ಕಡೆಗೆ. "ಅವರದು ಕೊಸರು ತೆಗೆಯುವ ಚಟ. ನಮ್ಮ ಶಾಸ್ತ್ರ ಸರಳ, ಬೆಳಿಗ್ಗೆ ಎದ್ದು ಮಿಂದರೆ ಮುಗಿಯಿತು" ಎಂದು ಒಬ್ಬರು ಬರೆದಿದ್ದಾರೆ. ನಮ್ಮ ಶಾಸ್ತ್ರ ಸರಳ ಎಂದು ಹೇಳಬೇಕಾದರೆ ಅದನ್ನು ಓದದೆ ಇರಬೇಕು. ಕಮಲಾಕರ ಭಟ್ಟರ ನಿರ್ಣಯಸಿಂಧು 1612ರದು, ಕಾಶೀನಾಥ ಉಪಾಧ್ಯಾಯರ ಧರ್ಮಸಿಂಧು 1790ರ ಸುಮಾರಿನದು. ಮಲೆನಾಡಿನ ಪುರೋಹಿತರ ಮನೆಯಲ್ಲಿ ಎರಡರಲ್ಲಿ ಒಂದಾದರೂ ಇರುತ್ತದೆ. ಸ್ನಾನದ ಬಗೆಗಳೇ ಅಲ್ಲಿ ಆರು: ನಿತ್ಯ, ನೈಮಿತ್ತಿಕ, ಕಾಮ್ಯ, ಕ್ರಿಯಾಂಗ, ಮಲಾಪಕರ್ಷಣ, ಕ್ರಿಯಾಸ್ನಾನ. ಯಾವುದಕ್ಕೆ ಬಿಸಿನೀರು ನಡೆಯುತ್ತದೆ, ಯಾವುದಕ್ಕೆ ಇಲ್ಲ ಎಂಬುದೇ ಒಂದು ವ್ಯವಹಾರ. ವೃದ್ಧಮನುವಿನದೆಂದು ಇಂಥ ಶಾಸ್ತ್ರಸಂಗ್ರಹಗಳನ್ನು ಬರೆದ ನಿಬಂಧಕಾರರು ಎತ್ತಿಕೊಳ್ಳುವ ಮಾತಿನ ಪ್ರಕಾರ ಸಾವಿನಲ್ಲಿ, ಹುಟ್ಟಿನಲ್ಲಿ, ಸಂಕ್ರಾಂತಿಯಂದು, ಶ್ರಾದ್ಧದಂದು, ತನ್ನ ಹುಟ್ಟಿದ ದಿನದಂದು, ಮುಟ್ಟಬಾರದೆಂದು ಆ ಕಾಲ ಅಂದುಕೊಂಡಿದ್ದವರನ್ನು ಮುಟ್ಟಿದಾಗ ಬಿಸಿನೀರು ಕೂಡದು. ಆ ಕೊನೆಯದನ್ನು ಈಗ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಗಟ್ಟಿಯಾಗಿ ಓದಿದರೆ ಒಳ್ಳೆಯದು, ಸರಳ ಎಂಬ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಅಭ್ಯಂಜನಕ್ಕೆ ಬನ್ನಿ. ಯಾವ ವಾರ ಎಣ್ಣೆ ಹಚ್ಚಿಕೊಂಡರೆ ಯಾವ ಫಲ ಎಂಬ ಪಟ್ಟಿಯೇ ಇದೆ. ಮಂಗಳವಾರ ಆಯುಸ್ಸಿಗೆ ಕೇಡು, ಗುರುವಾರ ಶುಕ್ರವಾರ ಒಳ್ಳೆಯದಲ್ಲ, ಶನಿವಾರ ಬಹಳ ಪ್ರಶಸ್ತ. ಜೆರೂಸಲೇಮಿನಲ್ಲಿ ಬಿಸಿನೀರಿನ ನಲ್ಲಿ ಮುಟ್ಟದ ಅದೇ ಶನಿವಾರ ನಮ್ಮ ಗಂಡಸರಿಗೆ ಹಂಡೆ ಮರಳುವ ದಿನ. ನಿಷಿದ್ಧವಾದ ವಾರವೇ ಎಣ್ಣೆ ಬೇಕೆಂದರೆ? ಅದಕ್ಕೂ ದಾರಿಯಿದೆ. ಭಾನುವಾರವಾದರೆ ಎಣ್ಣೆಗೆ ಒಂದು ಹೂವು, ಗುರುವಾರ ಗರಿಕೆ, ಮಂಗಳವಾರ ಚೂರು ಮಣ್ಣು, ಶುಕ್ರವಾರ ಗೋಮಯ ಹಾಕಿಬಿಟ್ಟರೆ ದೋಷವಿಲ್ಲ. ಇತ್ತ ಹೆಂಗಸರು ಮಂಗಳವಾರ, ಶುಕ್ರವಾರವೇ ಎಣ್ಣೆ ಹಚ್ಚಿಕೊಳ್ಳುವುದು ರೂಢಿ, ಪಟ್ಟಿಯ ಭಯ ಅವರಿಗಿಲ್ಲ. ಇಷ್ಟೆಲ್ಲ ಕೊಸರು ಇಟ್ಟುಕೊಂಡವರು ಇನ್ನೊಬ್ಬರ ಕೊಸರನ್ನು ನೋಡಿ ನಗುವುದು ಚೆನ್ನಾಗಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿತು, ಹೇಳದೆ ಬಿಡಲಾರೆ. ನಮ್ಮ ಬಚ್ಚಲಲ್ಲಿ ಹಿರಿಯರು ಇವತ್ತಿಗೂ ಗದರಿಸುವ ಮಾತು: ಮೊದಲು ತಣ್ಣೀರು ಹಾಕು, ಅದಕ್ಕೆ ಬಿಸಿನೀರು ಬೆರೆಸು, ಬಿಸಿನೀರಿಗೆ ತಣ್ಣೀರು ಬೆರೆಸಬೇಡ. ಹೆಣ ಮೀಯಿಸುವಾಗ ಅದಲುಬದಲು ಎಂಬುದು ಅವರು ಕೊಡುವ ಕಾರಣ. ತಣ್ಣೀರಿಗೆ ಬಿಸಿನೀರು ಸುರಿದು ಮನೆಯಲ್ಲೇ ಮೀಯಬಹುದೆಂಬ ಮಾತು ನಿಬಂಧಗಳಲ್ಲೂ ಇದೆ. ಚೌಲದಲ್ಲಿ ಮಗುವಿನ ತಲೆ ನೆನೆಸಲು ತಣ್ಣೀರು ಬಿಸಿನೀರು ಕೂಡಿಸುವ ವಿಧಿ ಆಶ್ವಲಾಯನ ಗೃಹ್ಯಸೂತ್ರದಷ್ಟು ಹಳೆಯದು. ತಾಲ್ಮುದಿನಲ್ಲೂ ಇದೇ ಜಗಳ! ಶಮ್ಮಾಯ್ ಪಂಥದವರು ಬಿಸಿಯನ್ನು ತಣ್ಣಗಿನದಕ್ಕೆ ಸುರಿ, ತಣ್ಣಗಿನದನ್ನು ಬಿಸಿಗೆ ಸುರಿಯಬೇಡ ಎಂದರು. ಹಿಲ್ಲೇಲ್ ಪಂಥದವರು ಎರಡೂ ಆಗಬಹುದು ಎಂದರು. ಅದು ಕುಡಿಯುವ ಬಟ್ಟಲಿನ ಮಾತು, ಸ್ನಾನದ ತೊಟ್ಟಿಯಲ್ಲಾದರೆ ಬಿಸಿಯನ್ನು ತಣ್ಣಗಿನದಕ್ಕೆ ಮಾತ್ರ ಎಂದು ಅದರ ಕೆಳಗೇ ಷರಾ ಬಿದ್ದಿದೆ. ಮತ್ತೊಬ್ಬ ಪಂಡಿತ ಅದನ್ನೂ ಒಪ್ಪಲಿಲ್ಲ. ಅಲ್ಲಿನ ಕಾರಣ ಹೆಣವಲ್ಲ. ಕೆಳಗಿರುವ ಬಿಸಿನೀರು ಮೇಲೆ ಬಿದ್ದ ತಣ್ಣೀರನ್ನು ಬೇಯಿಸಿಬಿಡುತ್ತದೆ ಎಂಬ ಭಯ. ಒಬ್ಬರಿಂದ ಒಬ್ಬರು ಕಲಿತದ್ದು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಇನ್ನೊಂದು ಕಾಗದ ಬರೆಯಬೇಡಿ.

"ಬಿಸಿನೀರಿನ ಗೊಡವೆಯೇ ಬೇಡ, ತಣ್ಣೀರೇ ಶ್ರೇಷ್ಠ" ಎಂಬುದು ಇನ್ನೊಬ್ಬ ಹಿರಿಯರ ಮಾತು. ಪುಷ್ಯ ಮಳೆಯ ಹೊಡೆತದಲ್ಲಿ ಹೊಳೆಗಿಳಿದು ಮಿಂದು ಬರುವ ಅವರ ಎದೆಗಾರಿಕೆಗೆ ನಮಸ್ಕಾರ. ಆದರೆ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಜಾಜಿ ಶೇಡಿ ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಮಾರನೆಯ ನಸುಕಿನಲ್ಲಿ ಅವರೂ ಎಣ್ಣೆನೀರು ಹಾಕಿಸಿಕೊಳ್ಳುತ್ತಾರಲ್ಲ? ನರಕ ಚತುರ್ದಶಿಗೆ ಅದು ಕಡ್ಡಾಯ. ಕಾಯಿಲೆಯವರಿಗೆ ಗ್ರಹಣದಲ್ಲೂ ಬಿಸಿನೀರು ನಡೆಯುತ್ತದೆ ಎನ್ನುತ್ತಾರೆ ನಮ್ಮ ನಿಬಂಧಕಾರರು. ಅವರು ಕೊಡುವ ಕಾರಣ ಚೆಂದ: ಆ ನೀರನ್ನು ಒಮ್ಮೆ ಸೂರ್ಯನ ಕಿರಣ ಶುದ್ಧ ಮಾಡಿದೆ, ಮತ್ತೊಮ್ಮೆ ಬೆಂಕಿ. ಯೆಹೂದ್ಯರಲ್ಲೂ ರೋಗಿಗೆ, ಸುನ್ನತಿಯಾದ ಎಳೆಗೂಸಿಗೆ ಬಿಸಿನೀರಿನ ವಿನಾಯಿತಿ ಮಿಶ್ನಾದ ಕಾಲದಿಂದ ಇದೆ. ರೋಗವಿಲ್ಲದಿದ್ದರೂ ಮೈಗೆ ಸಂಕಟವಾಗಿರುವವನು ಹಿಂದಿನ ದಿನ ಕಾಯಿಸಿದ ನೀರು ಮೀಯಬಹುದು ಎಂದು ರಬ್ಬಿ ಅಕಿವಾ ಏಗರ್ (1761–1837) ಹೇಳಿದರು.

ಕೊಪ್ಪದ ಎರಡನೆಯ ಆಕ್ಷೇಪ ಗಂಭೀರವಾದದ್ದು. ಇದೆಲ್ಲ ಬೂಟಾಟಿಕೆ, ಇವರು ಬೇರೆ ಧರ್ಮದವನ ಕೈಲಿ ಒಲೆ ಹಚ್ಚಿಸಿ ತಾವು ಸುಖಪಡುತ್ತಾರೆ ಎನ್ನುತ್ತಾರೆ ಗೆಳೆಯರು. ಕಟ್ಟಳೆ ಹಾಗೆ ಬಿಟ್ಟಿಲ್ಲ. ಅನ್ಯನು ತನಗಾಗಿ ದೀಪ ಹಚ್ಚಿದರೆ ಆ ಬೆಳಕಿನಲ್ಲಿ ಯೆಹೂದ್ಯನು ಓದಬಹುದು, ಯೆಹೂದ್ಯನಿಗಾಗಿಯೇ ಹಚ್ಚಿದರೆ ಕೂಡದು ಎಂದು ಮಿಶ್ನಾ ಹೇಳುತ್ತದೆ. ಸ್ನಾನಗೃಹಕ್ಕೂ ಇಂಥದೇ ಒಂದು ನಿಯಮವಿದೆ, ನನಗೆ ಬಹಳ ಇಷ್ಟವಾದದ್ದು. ಇಬ್ಬರೂ ಇರುವ ಊರಿನಲ್ಲಿ ಸಬ್ಬತ್ ದಿನವೂ ಉರಿಯುವ ಸ್ನಾನಗೃಹವಿದೆ ಎನ್ನಿ. ಊರಿನಲ್ಲಿ ಅನ್ಯರೇ ಹೆಚ್ಚಿದ್ದರೆ ಸಬ್ಬತ್ ಮುಗಿದ ಕೂಡಲೇ ಹೋಗಿ ಮೀಯಬಹುದು, ಏಕೆಂದರೆ ಆ ನೀರು ಅವರಿಗಾಗಿ ಕಾದದ್ದು. ಯೆಹೂದ್ಯರೇ ಹೆಚ್ಚಿದ್ದರೆ ಅಥವಾ ಇಬ್ಬರೂ ಸಮವಾಗಿದ್ದರೆ, ಸಬ್ಬತ್ ಮುಗಿದ ಮೇಲೆ ಹೊಸದಾಗಿ ನೀರು ಕಾಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯಬೇಕು. ಅಂದರೆ ನಿನಗಾಗಿ ಇನ್ನೊಬ್ಬ ಸಬ್ಬತ್ ದಿನ ಒಲೆಯ ಮುಂದೆ ಕೂತದ್ದರಿಂದ ನಿನಗೆ ಒಂದು ಗಳಿಗೆಯ ಲಾಭವೂ ಸಿಗಬಾರದು. ಎಷ್ಟು ಜನ ಇದನ್ನು ಅಕ್ಷರಶಃ ಪಾಲಿಸಿದರು ಎಂಬುದು ಬೇರೆ. ಪ್ರಶ್ನೆಯನ್ನು ಕೇಳಿದರಲ್ಲ, ನೀರು ಕಾಯಿಸಿದವರು ಯಾರು, ಯಾರಿಗಾಗಿ ಎಂದು!

ನಾನು ಮೊದಲ ಬರಹದಲ್ಲಿ ಹೇಳಿದ್ದೂ ಇದನ್ನೇ. ನಮ್ಮ ನಿಬಂಧಗಳ ಸ್ನಾನಪ್ರಕರಣದಲ್ಲಿ ನೀರಿನ ಬಗ್ಗೆ ಇದೆ, ತಿಥಿಯ ಬಗ್ಗೆ ಇದೆ, ಮೀಯುವವನ ಪುಣ್ಯದ ಬಗ್ಗೆ ಇದೆ. ಬಚ್ಚಲ ಒಲೆಗೆ ಬೆಂಕಿ ಹಾಕಿದವರ ಬಗ್ಗೆ ನನಗೆ ಒಂದು ಸಾಲೂ ಸಿಕ್ಕಿಲ್ಲ. ಮಲೆನಾಡಿನ ದೊಡ್ಡ ಮನೆಯ ಹಂಡೆ ತಾನಾಗಿ ಕಾಯುತ್ತಿರಲಿಲ್ಲ. ನಾಲ್ಕು ಗಂಟೆಗೆ ಎದ್ದು ಒದ್ದೆ ಕುಂಟೆಗೆ ಅಡಕೆ ಸಿಪ್ಪೆ ತುರುಕಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದವಳು ಮನೆಯ ಸೊಸೆ. ಸೌದೆಯನ್ನು ಸೊಪ್ಪಿನಬೆಟ್ಟದಿಂದ ಹೊತ್ತು ತಂದವನು ಬಚ್ಚಲ ಗೋಡೆಯ ಆಚೆಯೇ ನಿಲ್ಲಬೇಕಾಗಿದ್ದ ಆಳು. ಆ ನೀರಿನಲ್ಲಿ ಮಿಂದವನಿಗೆ ಮಡಿ ಬರುತ್ತಿತ್ತು, ಸೌದೆ ತಂದವನು ಒಳಗೆ ಬಂದರೆ ಅದೇ ಮಡಿ ಹೋಗುತ್ತಿತ್ತು. ವಿಮೋಚನಕಾಂಡದ ಆಜ್ಞೆ ಸಬ್ಬತ್ ದಿನ ನೀನು ಮಾತ್ರವಲ್ಲ, ನಿನ್ನ ಮಗ, ಮಗಳು, ಆಳು, ದಾಸಿ, ದನ, ನಿನ್ನ ಊರಲ್ಲಿರುವ ಪರದೇಶಿ ಯಾರೂ ಕೆಲಸ ಮಾಡಬಾರದು ಎಂದು ಹೆಸರು ಹಿಡಿದು ಹೇಳುತ್ತದೆ. ಆ ಪಟ್ಟಿಯಲ್ಲಿ ಹೆಂಡತಿ ಇಲ್ಲ ಎಂಬುದನ್ನು ನನ್ನ ಎದುರಾಳಿಗಳು ಗಮನಿಸಿಲ್ಲ, ನಾನೇ ಹೇಳಿಬಿಡುತ್ತೇನೆ. ಶುಕ್ರವಾರ ಮಧ್ಯಾಹ್ನ ಎರಡು ದಿನದ ಅಡುಗೆಯನ್ನು ಹೊತ್ತು ಮುಳುಗುವ ಮುಂಚೆ ಮುಗಿಸುವ ಧಾವಂತ ಯಾರದು ಎಂದು ಕೇಳಿದರೆ ಆ ಕಟ್ಟಳೆಗೂ ಬೆವರು ಬರುತ್ತದೆ. ನಮ್ಮಲ್ಲಿ ಕರುಣೆಯೇ ಇರಲಿಲ್ಲ ಎಂದೂ ನಾನು ಹೇಳುವುದಿಲ್ಲ. ಸೋಮವಾರ ಎತ್ತಿಗೆ ನೊಗ ಹೂಡದ ಊರುಗಳು ಬಯಲುಸೀಮೆಯಲ್ಲಿ ಬೇಕಾದಷ್ಟಿವೆ. ಎತ್ತಿಗೆ ಸಿಕ್ಕ ಬಿಡುವು ಒಲೆಯ ಮುಂದೆ ಕೂತವಳಿಗೆ ಸಿಗಲಿಲ್ಲ, ಅಷ್ಟೇ.

"ಯೆಹೂದ್ಯರೇ ಇಲ್ಲದ ಜಿಲ್ಲೆಯಲ್ಲಿ ಈ ಪುರಾಣ ಯಾಕೆ?" ಇದಕ್ಕೆ ಗಿಡ್ಡ ಉತ್ತರ. ನಮ್ಮ ಪಶ್ಚಿಮದ ಕಡಲು ಅವರಿಗೆ ಹೊಸದಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಅವರ ಪ್ರಾರ್ಥನಾ ಮಂದಿರ ಇನ್ನೂ ನಿಂತಿದೆ. ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದ ಬೆನೆ ಇಸ್ರೇಲಿ ಯೆಹೂದ್ಯರನ್ನು ಸುತ್ತಲಿನ ಜನ ಕರೆದದ್ದೇ ಶನಿವಾರ ತೇಲಿಗಳು ಎಂದು, ಏಕೆಂದರೆ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ನಮ್ಮವರು ಎಣ್ಣೆ ಹಚ್ಚಿಕೊಳ್ಳುವ ದಿನ ಅವರು ಎಣ್ಣೆ ತೆಗೆಯುತ್ತಿರಲಿಲ್ಲ.

ಸೋಲಾರ್, ಗೀಸರ್ ಬಂದ ಮೇಲೆ ಬೆಂಕಿಯೂ ಇಲ್ಲ, ಆಳೂ ಇಲ್ಲ, ಈ ಚರ್ಚೆ ಸತ್ತು ಬೂದಿಯಾಗಿದೆ ಎಂದು ಎರಡೂ ಕಡೆಯವರು ಒಟ್ಟಿಗೆ ಹೇಳಿದ್ದಾರೆ. ಶೃಂಗೇರಿಯೂ ಕೊಪ್ಪವೂ ಒಪ್ಪಿದ ಮಾತು ಇದೊಂದೇ, ಅದೂ ತಪ್ಪು. ತಿಬೇರಿಯದ ಜನ ಬಹಳ ಹಿಂದೆಯೇ ಒಂದು ಉಪಾಯ ಮಾಡಿದ್ದರು. ನಮ್ಮ ತೋಟಗಳಲ್ಲಿ ಅಡಕೆ ದಂಬೆಯಲ್ಲಿ ಗುಡ್ಡದ ನೀರನ್ನು ಮನೆಯಂಗಳಕ್ಕೆ ತರುತ್ತಿದ್ದರಲ್ಲ, ಹಾಗೆ ಅವರು ತಣ್ಣೀರಿನ ಕೊಳವೆಯೊಂದನ್ನು ಬಿಸಿಬುಗ್ಗೆಯ ಕಾಲುವೆಯೊಳಗಿನಿಂದ ಹಾಯಿಸಿದರು. ಬೆಂಕಿಯಿಲ್ಲದೆ ನೀರು ತಾನಾಗಿ ಕಾಯಿತು. ಸಬ್ಬತ್ ದಿನ ಹಾಗೆ ಕಾದ ನೀರು ಸಬ್ಬತ್ ದಿನ ಕಾಯಿಸಿದ ನೀರೇ, ಮೀಯಲೂ ಕೂಡದು ಕುಡಿಯಲೂ ಕೂಡದು ಎಂದು ಪಂಡಿತರು ತೀರ್ಪು ಕೊಟ್ಟರು. ಬುಗ್ಗೆಯ ಬಿಸಿ ಬೆಂಕಿಯ ಸಂತಾನವೋ ಸೂರ್ಯನ ಸಂತಾನವೋ ಎಂಬ ವಾದ ಅಲ್ಲಿಂದ ಹುಟ್ಟಿತು. ಬೆಂಕಿಯದೇ, ಏಕೆಂದರೆ ಆ ನೀರು ನರಕದ ಬಾಗಿಲ ಮೇಲಿಂದ ಹಾದು ಬರುತ್ತದೆ ಎಂದರು ರಬ್ಬಿ ಯೋಸೆ. ನೇರ ಬಿಸಿಲಲ್ಲಿ ಬೇಯಿಸಿದರೆ ತಪ್ಪಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು. ನಮ್ಮವರು ಶುದ್ಧಿಯ ಲೆಕ್ಕದಲ್ಲಿ ಸೂರ್ಯನನ್ನೂ ಬೆಂಕಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅವರು ಕೆಲಸದ ಲೆಕ್ಕದಲ್ಲಿ ಎರಡನ್ನೂ ಬೇರೆ ಬೇರೆ ಕೂರಿಸಿದರು.

ಈ ಹಳೆಯ ವಾದ ಇಸ್ರೇಲಿನ ತಾರಸಿಗಳ ಮೇಲೆ ಮತ್ತೆ ಜೀವ ಪಡೆಯಿತು. ಅಲ್ಲಿ 1980ರಲ್ಲಿ ಹೊಸ ವಸತಿ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯವಾಯಿತು. ಬಿಸಿನೀರಿನ ನಲ್ಲಿ ತಿರುಗಿಸಿದರೆ ಟ್ಯಾಂಕಿಗೆ ಅಷ್ಟೇ ತಣ್ಣೀರು ನುಗ್ಗುತ್ತದೆ, ಒಳಗಿರುವ ಬಿಸಿನೀರು ಅದನ್ನು ಕಾಯಿಸುತ್ತದೆ. ಇದು ಸಬ್ಬತ್ ದಿನ ನೀರು ಕಾಯಿಸಿದ ಹಾಗಾಯಿತೇ? ಸೂರ್ಯನ ಬಿಸಿಯಾದ್ದರಿಂದ ನಲ್ಲಿ ತಿರುಗಿಸಬಹುದು ಎಂದರು ರಬ್ಬಿ ಓವಾದಿಯಾ ಯೋಸೆಫ್ (1920–2013). ಒಪ್ಪದ ದೊಡ್ಡ ಪಂಡಿತರೂ ಇದ್ದಾರೆ. ಕರೆಂಟಿನ ಗೀಸರ್ ಆದರೆ ವಾದಕ್ಕೆ ಜಾಗವೇ ಇಲ್ಲ, ಕೂಡದು. ಸೋಲಾರಿಗೆ ಜೋಡಿಸಿದ ಕರೆಂಟಿನ ಕಾಯಿಲ್ ಚಾಲೂ ಇದ್ದರೂ ಕೂಡದು.

ಆ ಕಾಯಿಲಿನ ಮಾತು ನಮಗೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದ ಆಗುಂಬೆಯ ಮೋಡ ಹಂಚಿಕೊಂಡವರು ನಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತಾರಸಿಯ ಗಾಜಿನ ಕೊಳವೆಗಳಿಗೆ ಸೂರ್ಯ ಕಂಡರೆ ಅದು ಸುದ್ದಿ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 3 ಯೂನಿಟ್ ಕರೆಂಟ್ ಬೇಕು. ಅದೂ ಕೈಕೊಟ್ಟ ದಿನ, ಮಳೆಗಾಲದಲ್ಲಿ ಕೈಕೊಡದ ವಾರವಿಲ್ಲ, ಮತ್ತೆ ಬಚ್ಚಲ ಒಲೆಯೇ ಗತಿ, ಮತ್ತೆ ಅದೇ ಸೊಸೆ, ಅದೇ ಒದ್ದೆ ಕುಂಟೆ. ಆಳಿಲ್ಲ ಎನ್ನುವವರು ಆಶ್ಲೇಷಾ ಮಳೆಯಲ್ಲಿ ಒಂದು ವಾರ ತಾವೇ ನಸುಕಿಗೆದ್ದು ಬೆಂಕಿ ಹಾಕಿ ನೋಡಲಿ.

ಉಳಿದದ್ದು ನರಸಿಂಹರಾಜಪುರದ ಕಾಗದ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯ ನೆರಳಿನಲ್ಲಿ ಬೆಳೆದವರೊಬ್ಬರು, ನೀವು ಜೆರೂಸಲೇಮಿನವರೆಗೆ ಹೋದಿರಿ, ಮೂವತ್ತು ನಲವತ್ತು ಮೈಲಿಯೊಳಗಿನ ನಮ್ಮ ಮುನಿಗಳು ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಮೊದಲ ಬರಹದಲ್ಲಿ ಅವರನ್ನು ತಾರದಿದ್ದುದು ಸ್ನಾನದ ಲೇಖನಕ್ಕೆ ಸ್ನಾನವೇ ಮಾಡದವರು ಹೊಂದುವುದಿಲ್ಲ ಎಂದು. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಆದರೆ ಬಿಸಿನೀರು ಅವರ ಜೊತೆಗೇ ಇರುತ್ತದೆ, ಕೈಲಿರುವ ಕಮಂಡಲುವಿನಲ್ಲಿ. ಅವರ ದೃಷ್ಟಿಯಲ್ಲಿ ನೀರೇ ಜೀವ, ಬೆಂಕಿಯೂ ಜೀವ. ನೀರು ಕಾಯಿಸುವುದು ಎರಡಕ್ಕೂ ಹಿಂಸೆ. ಶ್ರಾವಕನ, ಎಂದರೆ ಜೈನ ಗೃಹಸ್ಥನ, ಮನೆಯಲ್ಲಿ ಬಟ್ಟೆಯಲ್ಲಿ ಸೋಸಿದ ನೀರಿಗೆ 48 ನಿಮಿಷದ ಮರ್ಯಾದೆ, ಆಮೇಲೆ ಮತ್ತೆ ಸೋಸಬೇಕು. ಕುದಿಸಿದ್ದಾದರೆ 24 ಗಂಟೆ ತಾಳುತ್ತದೆ. ಮುನಿ ತಾನು ಕಾಯಿಸುವಂತಿಲ್ಲ, ಕಾಯಿಸು ಎನ್ನುವಂತಿಲ್ಲ, ತನಗಾಗಿಯೇ ಮಾಡಿದ್ದನ್ನು ತಿಳಿದು ತೆಗೆದುಕೊಂಡರೆ ಅದು ಉದ್ದಿಷ್ಟ ದೋಷ. ಗೃಹಸ್ಥ ತನಗೆಂದು ಮಾಡಿಕೊಂಡದ್ದರಲ್ಲಿ ಒಂದು ಪಾಲು ಮಾತ್ರ ಮುನಿಗೆ ಸಲ್ಲುತ್ತದೆ. ಮುನಿಗಳು ಊರಿಗೆ ಬಂದಾಗ ಅವರಿಗೆಂದೇ ಹತ್ತು ಮನೆಯಲ್ಲಿ ಒಲೆ ಹೊತ್ತುವ ಈ ಕಾಲದಲ್ಲಿ ಇದು ಎಷ್ಟು ನಿಲ್ಲುತ್ತದೆ ಎಂಬುದನ್ನು ಬಸದಿಯವರೇ ಚರ್ಚಿಸಿಕೊಳ್ಳಲಿ. ಸಬ್ಬತ್ ಮುಗಿದ ಮೇಲೂ ಸ್ನಾನಗೃಹದ ಹೊರಗೆ ನೀರು ಕಾಯುವಷ್ಟು ಹೊತ್ತು ನಿಂತ ಯೆಹೂದ್ಯನಿಗೂ ಈ ಮುನಿಗೂ ಪ್ರಶ್ನೆ ಒಂದೇ: ಇದು ಯಾರಿಗಾಗಿ ಕಾದದ್ದು?

ಶೃಂಗೇರಿ ಕಡೆಯಿಂದ ಬಂದ ಕೊನೆಯ ಸಾಲು ಆಕ್ಷೇಪವಲ್ಲ, ಬೇಡಿಕೆ: ಬರಹವನ್ನು ಹಿಂದಕ್ಕೆ ತೆಗೆದುಕೊಳ್ಳಿ. ತೆಗೆದುಕೊಳ್ಳುವುದಿಲ್ಲ. ನಿರ್ಣಯಸಿಂಧುವಿನಲ್ಲೋ ಧರ್ಮಸಿಂಧುವಿನಲ್ಲೋ ನಿಮ್ಮ ಅಟ್ಟದ ಮೇಲಿನ ತಾಳೆಗರಿಯಲ್ಲೋ, ಬಿಸಿನೀರು ಮಿಂದವನು ಅದನ್ನು ಕಾಯಿಸಿದವರಿಗೆ ಏನು ಸಲ್ಲಿಸಬೇಕು ಎಂದು ಹೇಳುವ ಒಂದು ಸಾಲು ಇದ್ದರೆ ಕಳಿಸಿ. ಪುಟದ ಸಂಖ್ಯೆ ಸಮೇತ ಇದೇ ಜಾಗದಲ್ಲಿ ಅಚ್ಚು ಹಾಕಿಸುತ್ತೇನೆ.